ಕೇಳಿ ತಿಳಿಯುವ ವಿದ್ಯೆ: ಸಾಮಾಜಿಕ ಮನೋವಿಜ್ಞಾನ ನಡೆದುಬಂದ ದಾರಿ

ಪಿಯುಸಿ ಮುಗಿಸಿದ ನಮ್ಮ ಮಕ್ಕಳ ಮುಂದೆ ಸಾಮಾನ್ಯವಾಗಿ ಮೂರು ನಾಲ್ಕು ದಾರಿಗಳು ಮಾತ್ರ ಕಾಣುತ್ತವೆ. ಅಂಕ ಚೆನ್ನಾಗಿ ಬಂದರೆ ವೈದ್ಯಕೀಯ ಅಥವಾ ಇಂಜಿನಿಯರಿಂಗ್, ಇಲ್ಲವಾದರೆ ಬಿ.ಕಾಂ., ಅದೂ ಇಲ್ಲವಾದರೆ ಬಿ.ಎ. ಮನೋವಿಜ್ಞಾನ ಓದುತ್ತೇನೆ ಎಂದು ಯಾರಾದರೂ ಹೇಳಿದರೆ ಮನೆಯ ಹಿರಿಯರಿಗೆ ತಟ್ಟನೆ ನೆನಪಾಗುವುದು ನಿಮ್ಹಾನ್ಸ್ ಆಸ್ಪತ್ರೆ. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಇಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಒಂದಾಗಿ ನಿಮ್ಹಾನ್ಸ್ ಆಯಿತು. ಇಂಥ ದೊಡ್ಡ ಸಂಸ್ಥೆ ನಮ್ಮ ಊರಿನಲ್ಲೇ ಇರುವುದರಿಂದ ಮನೋವಿಜ್ಞಾನವೆಂದರೆ ರೋಗಿಗಳ ಚಿಕಿತ್ಸೆ ಎಂಬ ಭಾವನೆ ಬೇರೂರಿರುವುದು ಸಹಜವೇ ಆಗಿದೆ.

ಆದರೆ ಮನೋವಿಜ್ಞಾನಕ್ಕೆ ಇನ್ನೊಂದು ಶಾಖೆ ಇದೆ. ಆರೋಗ್ಯವಂತ ಮನುಷ್ಯನು ನಾಲ್ಕು ಜನರ ನಡುವೆ ಹೇಗೆ ಯೋಚಿಸುತ್ತಾನೆ, ಹೇಗೆ ನಡೆದುಕೊಳ್ಳುತ್ತಾನೆ, ಯಾರನ್ನು ನಂಬುತ್ತಾನೆ, ಯಾರನ್ನು ದೂರ ಇಡುತ್ತಾನೆ ಎಂಬುದನ್ನು ತಿಳಿಯುವ ಶಾಖೆ ಅದು. ಅದರ ಹೆಸರು ಸಾಮಾಜಿಕ ಮನೋವಿಜ್ಞಾನ. ಗಾಳಿಸುದ್ದಿ, ಪೂರ್ವಗ್ರಹ, ಗುಂಪುಗಳ ನಡುವಿನ ಜಗಳ ಮತ್ತು ಸ್ನೇಹ ಇವೆಲ್ಲ ಅದರ ಪಾಠಗಳು. ಈ ವಿದ್ಯೆ ನಮ್ಮ ನಾಡಿಗೆ ಹೇಗೆ ಬಂತು, ಅದು ಸತ್ಯವನ್ನು ಹುಡುಕುವ ಬಗೆ ಯಾವುದು, ನಮ್ಮ ಮೊಹಲ್ಲಾಗಳ ಮಕ್ಕಳಿಗೆ ಅದರಲ್ಲಿ ಏನು ಕೆಲಸವಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಹಳೆಯ ಬೇರುಗಳು

ಜನಸಮೂಹದ ಮನಸ್ಸನ್ನು ಕುರಿತ ಆಲೋಚನೆ ಹೊಸದೇನಲ್ಲ. 1332ರಲ್ಲಿ ಟ್ಯುನಿಸ್‌ನಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ 1377ರಲ್ಲಿ ಬರೆದ 'ಮುಕದ್ದಿಮಾ' ಗ್ರಂಥದಲ್ಲಿ ಒಂದು ಗುಂಪನ್ನು ಒಟ್ಟಾಗಿ ಹಿಡಿದಿಡುವ ಬಲಕ್ಕೆ 'ಅಸಬಿಯ್ಯ' ಎಂದು ಕರೆದಿದ್ದಾನೆ. ಅದೇ ಗ್ರಂಥದ ಆರಂಭದಲ್ಲಿ ಆತ ಇತಿಹಾಸಕಾರರಿಗೆ ಒಂದು ಎಚ್ಚರಿಕೆ ಕೊಡುತ್ತಾನೆ. ಹಿಂದಿನವರು ಹೇಳಿದರು ಎಂಬ ಒಂದೇ ಕಾರಣಕ್ಕೆ ಸುದ್ದಿಯನ್ನು ದಾಟಿಸಬಾರದು, ಅದು ನಡೆಯಲು ಸಾಧ್ಯವೇ ಎಂದು ಮೊದಲು ತೂಗಿ ನೋಡಬೇಕು ಎಂಬುದು ಆತನ ನಿಲುವು. ಹಳೆಯ ಪುಸ್ತಕಗಳಲ್ಲಿ ಬರುವ ಲಕ್ಷಾಂತರ ಸೈನಿಕರ ಲೆಕ್ಕಗಳನ್ನು ಆತ ಹೀಗೆಯೇ ಪ್ರಶ್ನಿಸಿದ. ಆಧುನಿಕ ಸಂಶೋಧನೆಯ ಮೂಲಮಂತ್ರವೂ ಇದೇ.

ಪ್ರಯೋಗಾಲಯದ ಮನೋವಿಜ್ಞಾನ ಆರಂಭವಾದದ್ದು 1879ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಸ್ಥಾಪಿಸಿದ ಪ್ರಯೋಗಾಲಯದಿಂದ. 1898ರಲ್ಲಿ ಅಮೆರಿಕದ ನಾರ್ಮನ್ ಟ್ರಿಪ್ಲೆಟ್, ಒಬ್ಬನೇ ಇದ್ದಾಗ ಮತ್ತು ಜೊತೆಯಲ್ಲಿ ಇನ್ನೊಬ್ಬ ಸ್ಪರ್ಧಿ ಇದ್ದಾಗ ಮನುಷ್ಯನ ಕೆಲಸದ ವೇಗ ಬದಲಾಗುತ್ತದೆಯೇ ಎಂದು ಮಕ್ಕಳಿಂದ ಗಾಳದ ರಾಟೆ ತಿರುಗಿಸಿ ಪರೀಕ್ಷಿಸಿದ. 1908ರಲ್ಲಿ ಮ್ಯಾಕ್‌ಡೂಗಲ್ ಮತ್ತು ರಾಸ್ ಎಂಬ ಇಬ್ಬರು ವಿದ್ವಾಂಸರು ಬೇರೆ ಬೇರೆಯಾಗಿ ಸಾಮಾಜಿಕ ಮನೋವಿಜ್ಞಾನದ ಪಠ್ಯಪುಸ್ತಕ ಬರೆದರು. ಅಲ್ಲಿಂದ ಇದು ವಿಶ್ವವಿದ್ಯಾಲಯದ ಪಾಠವಾಯಿತು.

ಮೈಸೂರಿಗೆ ಬಂದ ವಿದ್ಯೆ

ಭಾರತದಲ್ಲಿ ಮನೋವಿಜ್ಞಾನದ ಮೊದಲ ವಿಭಾಗ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ 1916ರಲ್ಲಿ ತೆರೆಯಿತು. ಅದಕ್ಕೂ ಮೊದಲು, 1905ರಲ್ಲಿ, ಅಲ್ಲಿಗೆ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮದ ಕರಡನ್ನು ಸಿದ್ಧಪಡಿಸಿದವರು ಬ್ರಜೇಂದ್ರನಾಥ ಸೀಲ್. ಇದೇ ಸೀಲ್ ಅವರು 1921ರಿಂದ 1930ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು ಎಂಬುದು ನಮ್ಮ ಭಾಗ್ಯ. ಅವರ ಕಾಲದಲ್ಲಿ, 1924ರಲ್ಲಿ, ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. ಅದರ ಮುಖ್ಯಸ್ಥರು ಲಂಡನ್ನಿನಲ್ಲಿ ತರಬೇತಿ ಪಡೆದುಬಂದಿದ್ದ ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಖಾಸಗಿ ಬಾನುಲಿ ಕೇಂದ್ರ ತೆರೆದು 'ಆಕಾಶವಾಣಿ' ಎಂಬ ಹೆಸರನ್ನು ಬಳಕೆಗೆ ತಂದವರೂ ಇವರೇ. ಒಂದೇ ಮಾತು ಸಾವಿರಾರು ಕಿವಿಗಳನ್ನು ತಲುಪುವ ಸಾಧನದಲ್ಲಿ ಮನೋವಿಜ್ಞಾನದ ಅಧ್ಯಾಪಕರೊಬ್ಬರಿಗೆ ಆಸಕ್ತಿ ಹುಟ್ಟಿದ್ದು ಅಚ್ಚರಿಯಲ್ಲ.

ಆ ಕಾಲದ ನಮ್ಮ ವಿದ್ವಾಂಸರ ಮುಂದಿದ್ದ ಮೊದಲ ತೊಡಕು ಭಾಷೆಯದು. ಫ್ರಾನ್ಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಮಕ್ಕಳ ಬುದ್ಧಿಶಕ್ತಿ ಅಳೆಯುವ ಪರೀಕ್ಷೆಯೊಂದನ್ನು ರೂಪಿಸಿದ್ದ. ಪ್ಯಾರಿಸ್ಸಿನ ಮಗುವಿಗಾಗಿ ಬರೆದ ಪ್ರಶ್ನೆಯನ್ನು ಪದಕ್ಕೆ ಪದ ಬದಲಿಸಿ ನಮ್ಮ ಮಗುವಿಗೆ ಕೇಳಿದರೆ, ಅಳೆದಂತಾಗುವುದು ಬುದ್ಧಿಯನ್ನೋ ಅಥವಾ ಪ್ಯಾರಿಸ್ಸಿನ ಪರಿಚಯವನ್ನೋ? ಆದ್ದರಿಂದ 1920ರ ದಶಕದಲ್ಲಿ ಲಾಹೋರಿನ ಫಾರ್ಮನ್ ಕ್ರಿಶ್ಚಿಯನ್ ಕಾಲೇಜಿನ ಸಿ. ಎಚ್. ರೈಸ್ ಅದನ್ನು ಹಿಂದೂಸ್ತಾನಿ ಮಾತಿಗೆ ಹೊಂದಿಸಿ ಹೊಸದಾಗಿ ರೂಪಿಸಿದರು. ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಆ ಕೆಲಸವನ್ನು ಮಾಡಿದವರು ವಿ. ವಿ. ಕಾಮತ್. ಧಾರವಾಡದ ಕಡೆಯ 1,074 ಮಕ್ಕಳನ್ನು ಪರೀಕ್ಷಿಸಿ 1934ರಲ್ಲಿ ಅವರು ಅದನ್ನು ಪ್ರಕಟಿಸಿದರು. 'ಬಿನೆ-ಕಾಮತ್ ಪರೀಕ್ಷೆ' ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಇಲ್ಲಿ ಒಂದು ಮಾತು ಗಮನಿಸಬೇಕು. ಉರ್ದು ಆಡುಮಾತಿಗೆ ಹತ್ತಿರವಾದ ಹಿಂದೂಸ್ತಾನಿ ಮತ್ತು ನಮ್ಮ ಕನ್ನಡ, ಈ ಎರಡೂ ಭಾಷೆಗಳು ಈ ವಿಜ್ಞಾನದೊಳಗೆ ಸುಮಾರು ನೂರು ವರ್ಷಗಳ ಹಿಂದೆಯೇ ಕಾಲಿಟ್ಟಿವೆ.

ಭೂಕಂಪ ಮತ್ತು ಬಾಯಿಮಾತು

1934ರ ಜನವರಿ 15ರಂದು ಬಿಹಾರದಲ್ಲಿ ಭಾರೀ ಭೂಕಂಪವಾಯಿತು. ಆಗ ಪಾಟ್ನಾದಲ್ಲಿದ್ದ ಜಮುನಾ ಪ್ರಸಾದ್ ಎಂಬ ಮನೋವಿಜ್ಞಾನಿ ಜನರ ಬಾಯಲ್ಲಿ ಓಡಾಡುತ್ತಿದ್ದ ಸುದ್ದಿಗಳನ್ನು ಬರೆದಿಟ್ಟುಕೊಂಡರು. ನೆಲ ನಡುಗಿದರೂ ಮನೆ ಬೀಳದ, ಪ್ರಾಣಹಾನಿಯಾಗದ ಊರುಗಳಲ್ಲಿ ವಿಚಿತ್ರವಾದ ಮಾತುಗಳು ಹಬ್ಬಿದ್ದವು. ಪಾಟ್ನಾಕ್ಕೆ ಚಂಡಮಾರುತ ಬರಲಿದೆ, ಗ್ರಹಣದ ದಿನ ಮತ್ತೊಮ್ಮೆ ಭೂಮಿ ನಡುಗಲಿದೆ, ನೇಪಾಳದ ಗಡಿಯಿಂದ ಪ್ರವಾಹ ನುಗ್ಗಿ ಬರುತ್ತಿದೆ ಎಂದು ಜನ ಹೇಳಿಕೊಳ್ಳುತ್ತಿದ್ದರು. ಪ್ರಸಾದ್ ಅವರ ಅಧ್ಯಯನ 1935ರಲ್ಲಿ ಬ್ರಿಟನ್ನಿನ ಮನೋವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಮುಂದೆ ದುರ್ಗಾನಂದ ಸಿನ್ಹಾ ಅವರು ಡಾರ್ಜಿಲಿಂಗ್‌ನ ಭೂಕುಸಿತವನ್ನು ಕುರಿತು 1952ರಲ್ಲಿ ಬರೆದರು. ಅಲ್ಲಿ ಜನ ಕಣ್ಣಾರೆ ನಾಶವನ್ನು ಕಂಡಿದ್ದರು. ಆದರೆ ಮುಂದೆ ಇನ್ನೂ ದೊಡ್ಡ ಕೇಡು ಬರಲಿದೆ ಎಂಬ ಸುದ್ದಿಗಳು ಅಲ್ಲಿ ಹುಟ್ಟಲಿಲ್ಲ.

ಈ ಎರಡು ಭಾರತೀಯ ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಿದವನು ಅಮೆರಿಕದ ಲಿಯಾನ್ ಫೆಸ್ಟಿಂಗರ್. ಹೆದರಿದ ಜನ ಇನ್ನಷ್ಟು ಹೆದರಿಸುವ ಮಾತುಗಳನ್ನು ಏಕೆ ನಂಬುತ್ತಾರೆ ಎಂಬುದು ಅವನ ಪ್ರಶ್ನೆ. ಎದೆಯೊಳಗೆ ಭಯವಿದೆ, ಆದರೆ ಕಣ್ಣಿಗೆ ಕಾಣುವ ಕಾರಣವಿಲ್ಲ. ಆಗ ಮನಸ್ಸು ಆ ಭಯಕ್ಕೆ ತಕ್ಕ ಕಾರಣವನ್ನು ಹುಡುಕಿ ಒಪ್ಪಿಕೊಳ್ಳುತ್ತದೆ. ಹೀಗೆಂದು ಅವನು 1957ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ವಿವರಿಸಿದ. ಪ್ರಪಂಚದ ಎಲ್ಲ ವಿಶ್ವವಿದ್ಯಾಲಯಗಳಲ್ಲಿ ಓದಿಸುವ ಒಂದು ಸಿದ್ಧಾಂತಕ್ಕೆ ಬಿಹಾರದ ಓಣಿಗಳ ಮಾತು ಆಧಾರವಾಯಿತು!

ಗಾಳಿಸುದ್ದಿಗೆ ಇನ್ನೊಂದು ಗುಣವಿದೆ. ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ಎಂಬ ವಿದ್ವಾಂಸರು 1947ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಬ್ಬನಿಗೆ ಚಿತ್ರವೊಂದನ್ನು ತೋರಿಸಿ, ಅದರ ವಿವರವನ್ನು ಕಿವಿಯಿಂದ ಕಿವಿಗೆ ದಾಟಿಸಲಾಯಿತು. ಚಿತ್ರದಲ್ಲಿ ಕ್ಷೌರದ ಕತ್ತಿ ಹಿಡಿದಿದ್ದವನು ಬಿಳಿಯ. ಐದಾರು ಬಾಯಿ ದಾಟುವಷ್ಟರಲ್ಲಿ ವಿವರಗಳಲ್ಲಿ ಹೆಚ್ಚಿನವು ಉದುರಿಹೋಗುತ್ತಿದ್ದವು, ಮತ್ತು ಎಷ್ಟೋ ಸಲ ಕತ್ತಿ ಎದುರಿಗಿದ್ದ ಕಪ್ಪು ಮನುಷ್ಯನ ಕೈಗೆ ಹೋಗಿಬಿಡುತ್ತಿತ್ತು. ಕತ್ತಿಯ ಜಾಗ ಬದಲಿಸಿದ್ದು ಕಣ್ಣಲ್ಲ, ಪೂರ್ವಗ್ರಹ.

ಇದು ದೂರದ ಕಥೆಯಲ್ಲ. 2012ರ ಆಗಸ್ಟ್ ತಿಂಗಳನ್ನು ಬೆಂಗಳೂರಿನವರು ಮರೆಯಲಾರರು. ಜುಲೈಯಲ್ಲಿ ಅಸ್ಸಾಮಿನ ಕೋಕ್ರಾಝಾರ್ ಕಡೆ ಗಲಭೆಗಳಾಗಿದ್ದವು. ಅದರ ಸೇಡಿಗಾಗಿ ರಂಜಾನ್ ಮುಗಿದ ಮೇಲೆ ಇಲ್ಲಿನ ಈಶಾನ್ಯ ರಾಜ್ಯಗಳವರ ಮೇಲೆ ಮುಸಲ್ಮಾನರು ದಾಳಿ ಮಾಡುತ್ತಾರೆ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಆಗಸ್ಟ್ 15ರಿಂದ ಎರಡು ಮೂರು ದಿನ ಸಿಟಿ ರೈಲು ನಿಲ್ದಾಣದಲ್ಲಿ ಸಾವಿರಾರು ಯುವಕ ಯುವತಿಯರು ಗಂಟುಮೂಟೆ ಹೊತ್ತು ಗುವಾಹಟಿಯ ರೈಲಿಗೆ ಮುಗಿಬಿದ್ದರು. ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರವು ಒಂದೇ ಸಲ ಐದಕ್ಕಿಂತ ಹೆಚ್ಚು ಜನರಿಗೆ ಸಂದೇಶ ಕಳಿಸದಂತೆ ಹದಿನೈದು ದಿನಗಳ ನಿರ್ಬಂಧ ಹೇರಿತು. ಆಗಸ್ಟ್ 20ರಂದು ಈದ್ ಬಂತು, ಹೋಯಿತು. ಸಂದೇಶಗಳು ಹೇಳಿದ ದಾಳಿ ನಡೆಯಲಿಲ್ಲ.

ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರದ ಬೀದಿಗಳಲ್ಲಿ ಈಶಾನ್ಯದ ವಿದ್ಯಾರ್ಥಿಗಳೂ ಕೆಲಸಗಾರರೂ ಮುಸ್ಲಿಂ ಕುಟುಂಬಗಳೂ ಅಕ್ಕಪಕ್ಕದಲ್ಲೇ ಬಾಳುತ್ತಾರೆ. ಆ ಸುದ್ದಿಯಿಂದ ಎರಡು ಕಡೆಗೂ ಪೆಟ್ಟಾಯಿತು. ಒಬ್ಬರು ಕೆಲಸ ಬಿಟ್ಟು ಓಡಿದರು, ಇನ್ನೊಬ್ಬರು ಮಾಡದ ತಪ್ಪಿಗೆ ತಲೆ ತಗ್ಗಿಸಬೇಕಾಯಿತು. 1934ಕ್ಕೂ 2012ಕ್ಕೂ ಹೋಲಿಕೆ ಪೂರ್ತಿಯಾಗಿ ಸರಿಹೋಗುವುದಿಲ್ಲ ನಿಜ. ಅಸ್ಸಾಮಿನಲ್ಲಿ ಹಿಂಸೆ ನಡೆದದ್ದು ಸುಳ್ಳಲ್ಲ, ಊರು ಬಿಟ್ಟು ಬಂದವರಿಗೆ ಒಂಟಿತನದ ಅಳುಕೂ ಇರುತ್ತದೆ. ಆದರೆ ಒಂದು ಪಾಠ ಸಮಾನವಾಗಿದೆ. ಭಯ ಮೊದಲು ಬರುತ್ತದೆ, ಸುದ್ದಿ ಅದರ ಬೆನ್ನೇರಿ ಸವಾರಿ ಮಾಡುತ್ತದೆ. ಆದ್ದರಿಂದ 'ಇದು ಸುಳ್ಳು' ಎಂದು ಕೂಗಿದರೆ ಮಾತ್ರ ಸಾಲದು. ಭಯಪಟ್ಟವರ ಬಾಗಿಲಿಗೆ ಹೋಗಿ ಮಾತನಾಡಿಸಬೇಕು.

ಪ್ರಶ್ನೆ ಕೇಳುವ ಬಗೆ

ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ಮನೋವಿಜ್ಞಾನವನ್ನು ಓದುವುದೆಂದರೆ ಸಿದ್ಧಾಂತಗಳ ಬಾಯಿಪಾಠ ಮಾತ್ರವಲ್ಲ. ಅದರ ಜೀವಾಳ ಸಂಶೋಧನಾ ವಿಧಾನ. ಸಮೀಕ್ಷೆ, ಅವಲೋಕನ, ಸಂದರ್ಶನ, ಪ್ರಯೋಗ ಇವು ಮುಖ್ಯ ವಿಧಾನಗಳು. ಜೊತೆಗೆ ಸಂಖ್ಯಾಶಾಸ್ತ್ರ ಕಲಿಯಲೇಬೇಕು.

ಮೊದಲನೆಯದು ಯಾರನ್ನು ಕೇಳಬೇಕು ಎಂಬ ಪ್ರಶ್ನೆ. ಶುಕ್ರವಾರ ಜುಮಾ ನಮಾಜಿನ ನಂತರ ಮಸೀದಿಯ ಬಾಗಿಲಲ್ಲಿ ನಿಂತು ನೂರು ಪ್ರಶ್ನಾವಳಿ ತುಂಬಿಸಿಕೊಂಡು 'ಇದು ಮೊಹಲ್ಲಾದ ಅಭಿಪ್ರಾಯ' ಎಂದರೆ ಅದು ಸರಿಯಾಗದು. ಹೆಂಗಸರ ಮಾತು ಅದರಲ್ಲಿ ಇರುವುದಿಲ್ಲ, ದೂರದ ಕೆಲಸಕ್ಕೆ ಹೋದವರ ಮಾತೂ ಇರುವುದಿಲ್ಲ. ಎಲ್ಲರಿಗೂ ಆಯ್ಕೆಯಾಗುವ ಅವಕಾಶವಿರುವಂತೆ ಮಾದರಿಯನ್ನು ಆರಿಸಬೇಕು.

ಎರಡನೆಯದು, ಹೇಳಿದ್ದೆಲ್ಲ ಮಾಡುವುದೇ ಎಂಬ ಪ್ರಶ್ನೆ. 1930ರ ದಶಕದಲ್ಲಿ ರಿಚರ್ಡ್ ಲಾಪಿಯೆರ್ ಎಂಬ ಅಮೆರಿಕನ್ ವಿದ್ವಾಂಸ ಒಂದು ಚೀನೀ ದಂಪತಿಯೊಡನೆ ದೇಶ ಸುತ್ತಿದ. 251 ಹೋಟೆಲು, ವಸತಿಗೃಹಗಳಿಗೆ ಹೋದರು. ಇಲ್ಲವೆಂದು ಕಳಿಸಿದ್ದು ಒಂದೇ ಕಡೆ. ತಿಂಗಳುಗಳ ನಂತರ ಅದೇ ಜಾಗಗಳಿಗೆ ಪತ್ರ ಬರೆದು, ಚೀನೀಯರಿಗೆ ಜಾಗ ಕೊಡುತ್ತೀರಾ ಎಂದು ಕೇಳಿದ. ಉತ್ತರಿಸಿದ 128 ಜಾಗಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು 'ಇಲ್ಲ' ಎಂದವು. 1934ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಕೊರತೆಗಳಿವೆ ಎಂದು ನಂತರದವರು ಹೇಳಿದ್ದಾರೆ. ಆದರೂ ಕಾಗದದ ಮೇಲಿನ ಮಾತಿಗೂ ಎದುರಿಗೆ ನಿಂತ ಮನುಷ್ಯನೊಡನೆ ನಡೆದುಕೊಳ್ಳುವ ರೀತಿಗೂ ಅಂತರವಿದೆ ಎಂಬುದನ್ನು ಅದು ತೋರಿಸಿತು.

ಮೂರನೆಯದು ಅಳತೆಗೋಲು. ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿ ಅವರು ಸಾಮಾಜಿಕ ಮನೋವಿಜ್ಞಾನದ ಪಠ್ಯಪುಸ್ತಕ ಬರೆದವರು. 1976ರಲ್ಲಿ ಅವರು ನಗರದ ಕುಟುಂಬಗಳ ಸಾಮಾಜಿಕ, ಆರ್ಥಿಕ ಮಟ್ಟವನ್ನು ಅಳೆಯುವ ಮಾಪಕವನ್ನು ಪ್ರಕಟಿಸಿದರು. ಯಜಮಾನನ ಓದು, ಅವನ ಉದ್ಯೋಗ, ಕುಟುಂಬದ ತಿಂಗಳ ಆದಾಯ ಈ ಮೂರಕ್ಕೆ ಅಂಕ ಕೊಟ್ಟು, ಒಟ್ಟು 29 ಅಂಕಗಳಲ್ಲಿ ಕುಟುಂಬವನ್ನು ಐದು ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತಾರೆ. ಬೆಲೆ ಏರಿದಂತೆ ಆದಾಯದ ಅಂಕಿಗಳನ್ನು ಪರಿಷ್ಕರಿಸಿ ಇಂದಿಗೂ ದೇಶದ ವೈದ್ಯಕೀಯ ಕಾಲೇಜುಗಳಲ್ಲಿ ಅದನ್ನು ಬಳಸುತ್ತಾರೆ. ಆದರೆ ಮನೆಯಲ್ಲೇ ಕುಳಿತು ಅಗರಬತ್ತಿ ಹೊಸೆಯುವ ಅಥವಾ ಹೊಲಿಗೆ ಮಾಡುವ ತಾಯಿಯ ಓದಿಗೂ ಕೆಲಸಕ್ಕೂ ಈ ಲೆಕ್ಕದಲ್ಲಿ ಪ್ರತ್ಯೇಕ ಅಂಕವಿಲ್ಲ, ಆಕೆಯೇ ಯಜಮಾನಿಯಾಗಿದ್ದರೆ ಮಾತ್ರ ಬರುತ್ತದೆ. ಅಳತೆಗೋಲನ್ನು ಬಳಸುವವನು ಅದು ಏನನ್ನು ಬಿಟ್ಟುಬಿಡುತ್ತದೆ ಎಂಬುದನ್ನೂ ತಿಳಿದಿರಬೇಕು.

ನಾಲ್ಕನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು, ಭಾಷೆ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವರಿಗೆ ಇದು ದಿನವೂ ಎದುರಾಗುವ ಸಂಗತಿ. 'ನೀವು ಹೈರಾಣಾಗಿದ್ದೀರಾ?' ಎಂದು ಕನ್ನಡದಲ್ಲಿ ಕೇಳಿದರೆ ದಣಿದು ಸುಸ್ತಾಗಿದ್ದೀರಾ ಎಂದರ್ಥ. ಪುಸ್ತಕದ ಉರ್ದುವಿನಲ್ಲಿ 'ಹೈರಾನ್' ಎಂದರೆ ಬೆರಗಾದವನು. 'ಬೇಜಾರು' ಎಂಬುದು ಕನ್ನಡಕ್ಕೆ ಬಂದದ್ದು ಪಾರ್ಸಿ ಮೂಲದಿಂದ. ಕನ್ನಡದಲ್ಲಿ ಅದು ಹೊತ್ತು ಹೋಗದ ಬೇಸರವೂ ಆಗಬಹುದು, ದುಃಖವೂ ಆಗಬಹುದು, 'ಬೇಜಾರು ಮಾಡ್ಕೋಬೇಡಿ' ಎನ್ನುವಾಗ ಮುನಿಸೂ ಆಗಬಹುದು. ಉರ್ದುವಿನ 'ಬೇಜಾರ್' ಎಂದರೆ ಸಾಕಪ್ಪಾ ಎಂದು ಮುಖ ತಿರುಗಿಸಿದವನು. 'ಕಳೆದ ವಾರ ನಿಮಗೆ ಎಷ್ಟು ದಿನ ಬೇಜಾರಾಗಿತ್ತು?' ಎಂಬ ಒಂದೇ ಪ್ರಶ್ನೆಗೆ ಎರಡು ಮನೆಗಳಲ್ಲಿ ಬರುವ ಉತ್ತರಗಳು ಒಂದೇ ಸಂಗತಿಯ ಉತ್ತರಗಳಲ್ಲ. ಮನೆಯಲ್ಲಿ ದಖನಿ ಮಾತನಾಡುವ ಅಜ್ಜಿಯ ಮುಂದೆ ಪುಸ್ತಕದ ಉರ್ದುವಿನ ಪ್ರಶ್ನಾವಳಿ ಇಟ್ಟರೂ ಇದೇ ಪಾಡು. ಇದಕ್ಕಾಗಿಯೇ ಸಂಶೋಧಕರು ಮರು ಅನುವಾದ ಎಂಬ ಕ್ರಮವನ್ನು ಅನುಸರಿಸುತ್ತಾರೆ. ಒಬ್ಬರು ಅನುವಾದಿಸಿದ್ದನ್ನು, ಮೂಲವನ್ನು ನೋಡದ ಇನ್ನೊಬ್ಬರು ಮತ್ತೆ ಮೂಲ ಭಾಷೆಗೆ ತರುತ್ತಾರೆ. ಎರಡನ್ನೂ ಹೋಲಿಸಿದಾಗ ಎಲ್ಲಿ ಅರ್ಥ ಜಾರಿತು ಎಂಬುದು ತಿಳಿಯುತ್ತದೆ. 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ಇದನ್ನು ಕ್ರಮವಾಗಿ ವಿವರಿಸಿದರು.

ದೂರಿನಿಂದ ಸಾಕ್ಷಿಯ ಕಡೆಗೆ

ಹೆಸರು ನೋಡಿ ಕೆಲಸಕ್ಕೆ ಕರೆಯುವುದಿಲ್ಲ ಎಂಬ ದೂರನ್ನು ನಾವು ಬಹಳ ಕಾಲದಿಂದ ಕೇಳುತ್ತಿದ್ದೇವೆ. ಅದು ನಿಜವೋ, ಅನುಮಾನವೋ? ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳಿಸಿದರು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು ಮಾತ್ರ ಎಂದು ಕಂಡುಬಂತು. ಅರ್ಹತೆ ಒಂದೇ ಆಗಿದ್ದು ಹೆಸರು ಮಾತ್ರ ಬದಲಾಗಿದ್ದರಿಂದ, ವ್ಯತ್ಯಾಸಕ್ಕೆ ಬೇರೆ ಕಾರಣ ಹುಡುಕುವುದು ಕಷ್ಟ.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ದೆಹಲಿಯಲ್ಲಿ ಸಾಫ್ಟ್‌ವೇರ್ ಮತ್ತು ಕಾಲ್ ಸೆಂಟರ್ ಕೆಲಸಗಳಿಗೆ ಇಂಥದೇ ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿದಾಗ ಮುಸ್ಲಿಂ ಹೆಸರುಗಳ ವಿರುದ್ಧ ತಾರತಮ್ಯ ಕಾಣಲಿಲ್ಲ. ಎರಡರಲ್ಲಿ ಒಂದು ಸುಳ್ಳೆಂದಲ್ಲ. ಕೆಲಸದ ಬಗೆ ಬೇರೆ, ಮಾದರಿ ಬೇರೆ. ನಮಗೆ ಬೇಕಾದ ಫಲಿತಾಂಶವನ್ನು ಮಾತ್ರ ಎತ್ತಿ ತೋರಿಸಿ ಇನ್ನೊಂದನ್ನು ಮುಚ್ಚಿಡುವವನು ಸಂಶೋಧಕನಲ್ಲ. ಎರಡನ್ನೂ ಮೇಜಿನ ಮೇಲಿಟ್ಟು ಎಲ್ಲಿ ಬಾಗಿಲು ಮುಚ್ಚಿದೆ, ಎಲ್ಲಿ ತೆರೆದಿದೆ ಎಂದು ತಿಳಿದರೆ ನಮ್ಮ ಮಕ್ಕಳಿಗೆ ದಾರಿ ತೋರಿಸುವುದಕ್ಕೂ ಅನುಕೂಲ, ಸರ್ಕಾರದ ಮುಂದೆ ಮಾತನಾಡುವುದಕ್ಕೂ ಬಲ.

ಜೊತೆಯಾಗಿ ಆಡಿದಾಗ

ಜಗಳವಾಡುವ ಗುಂಪುಗಳನ್ನು ಹತ್ತಿರ ತರುವುದು ಹೇಗೆ? ಟರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮುಜಫ್ಫರ್ ಶರೀಫ್ 1954ರ ಬೇಸಿಗೆಯಲ್ಲಿ ಓಕ್ಲಹೋಮದ ಶಿಬಿರವೊಂದರಲ್ಲಿ 22 ಬಾಲಕರನ್ನು ಎರಡು ತಂಡ ಮಾಡಿ ಸ್ಪರ್ಧೆಗೆ ಬಿಟ್ಟರು. ಕೆಲವೇ ದಿನಗಳಲ್ಲಿ ಬೈಗುಳ, ಬಾವುಟ ಸುಡುವುದು, ಕೋಣೆ ದೋಚುವುದು ಶುರುವಾಯಿತು. ಒಟ್ಟಿಗೆ ಕೂರಿಸಿ ಊಟ ಹಾಕಿದರೂ ಜಗಳ ನಿಲ್ಲಲಿಲ್ಲ. ಆದರೆ ಶಿಬಿರದ ನೀರು ನಿಂತಾಗ, ಲಾರಿ ಕೆಟ್ಟು ನಿಂತಾಗ, ಎಲ್ಲರೂ ಸೇರಿ ದುಡಿಯಲೇಬೇಕಾದಾಗ ಹಗೆ ಕರಗತೊಡಗಿತು. ಈ ನೀರಿನ ತೊಂದರೆಯನ್ನೂ ಲಾರಿಯ ತೊಂದರೆಯನ್ನೂ ಸಂಶೋಧಕರೇ ಏರ್ಪಡಿಸಿದ್ದರು. ಬಾಲಕರಿಗೆ ತಿಳಿಸದೆ ಅವರ ಮೇಲೆ ಇಂಥ ಪ್ರಯೋಗ ನಡೆಸಿದ್ದು ಸರಿಯೇ ಎಂಬ ಪ್ರಶ್ನೆಯೂ ಇದೆ. ಇಂದಿನ ನಿಯಮಗಳ ಪ್ರಕಾರ ಭಾಗವಹಿಸುವವರ ಒಪ್ಪಿಗೆ, ಮಕ್ಕಳಾದರೆ ಪೋಷಕರ ಒಪ್ಪಿಗೆ, ನೈತಿಕ ಸಮಿತಿಯ ಅನುಮತಿ ಬೇಕೇ ಬೇಕು.

ಇದೇ ವಿಚಾರವನ್ನು ನಮ್ಮ ದೇಶದಲ್ಲಿ ಮ್ಯಾಟ್ ಲೋ ಎಂಬ ಸಂಶೋಧಕ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಪಂದ್ಯಾವಳಿಗಳ ಮೂಲಕ ಪರೀಕ್ಷಿಸಿದರು. 1,261 ಯುವಕರಲ್ಲಿ ಯಾರು ಯಾವ ಜಾತಿಯವರೊಡನೆ ಒಂದೇ ತಂಡದಲ್ಲಿ ಆಡಬೇಕು, ಯಾರ ವಿರುದ್ಧ ಆಡಬೇಕು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಸ್ನೇಹ ಹೆಚ್ಚಿತು. ಎದುರಾಳಿಗಳಾಗಿ ಮಾತ್ರ ಭೇಟಿಯಾದವರಲ್ಲಿ ಅದು ಹೆಚ್ಚಲಿಲ್ಲ, ಬದಲಿಗೆ ಕಡಿಮೆಯಾಗುವ ಲಕ್ಷಣ ಕಂಡಿತು. ಅಂತರಶಾಲಾ ಪಂದ್ಯಾವಳಿ ನಡೆಸುವ ನಾವು ಇದನ್ನು ಯೋಚಿಸಬೇಕು. ಉರ್ದು ಶಾಲೆಯೊಂದು ತಂಡ, ಕನ್ನಡ ಶಾಲೆಯೊಂದು ತಂಡ ಎಂದು ಎದುರುಬದುರು ನಿಲ್ಲಿಸುವ ಬದಲು ಎರಡೂ ಶಾಲೆಯ ಮಕ್ಕಳನ್ನು ಬೆರೆಸಿ ತಂಡ ಕಟ್ಟಿದರೆ ಹೇಗೆ?

ನಮ್ಮ ವಿದ್ಯಾರ್ಥಿಗಳ ಪಾಲಿನ ಕೆಲಸ

ಈ ವಿಜ್ಞಾನ ತನ್ನ ತಪ್ಪನ್ನೂ ತಾನೇ ಹುಡುಕಿಕೊಳ್ಳುತ್ತದೆ. 2015ರಲ್ಲಿ ಅನೇಕ ದೇಶಗಳ ಸಂಶೋಧಕರು ಸೇರಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಅರ್ಧಕ್ಕಿಂತ ಕಡಿಮೆ ಅಧ್ಯಯನಗಳಲ್ಲಿ ಮಾತ್ರ ಮೊದಲಿನ ಫಲಿತಾಂಶ ಮರಳಿ ಬಂತು. ಅದಕ್ಕೂ ಮೊದಲು, 2010ರಲ್ಲಿ, ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಇನ್ನೊಂದು ಕೊರತೆಯನ್ನು ತೋರಿಸಿದ್ದರು. ಪಾಶ್ಚಾತ್ಯ ದೇಶಗಳ ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಇಡೀ ಮನುಷ್ಯಕುಲದ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ ಎಂಬುದು ಅವರ ವಾದ. ಅಂದರೆ ನಮ್ಮಂಥ ಜನರ ನಡುವೆ, ನಮ್ಮ ಭಾಷೆಗಳಲ್ಲಿ ಮಾಡಬೇಕಾದ ಕೆಲಸ ಇನ್ನೂ ರಾಶಿ ಬಿದ್ದಿದೆ.

ವಿದ್ಯಾರ್ಥಿ ಮಿತ್ರರೇ, ಬಾಣಸವಾಡಿಯಿಂದ ಶಿವಾಜಿನಗರದವರೆಗಿನ ನಮ್ಮ ಪ್ರದೇಶದಲ್ಲಿ ಹುಟ್ಟಿ ಬೆಳೆದ ಮಗುವಿಗೆ ಮನೆಯಲ್ಲಿ ದಖನಿ, ಶಾಲೆಯಲ್ಲಿ ಉರ್ದು ಮತ್ತು ಕನ್ನಡ, ಅಂಗಡಿಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್ ಬರುತ್ತದೆ. ಇದನ್ನು ನಾವು ಹೊರೆ ಎಂದು ಭಾವಿಸುತ್ತೇವೆ. ಸಾಮಾಜಿಕ ಮನೋವಿಜ್ಞಾನದ ಕಣ್ಣಿಗೆ ಇದು ಬಂಡವಾಳ. ಪದವಿಯಲ್ಲಿ ಮನೋವಿಜ್ಞಾನವನ್ನು ಒಂದು ವಿಷಯವಾಗಿ ಓದಿ, ಎರಡು ವರ್ಷಗಳ ಸ್ನಾತಕೋತ್ತರ ಪದವಿ ಪಡೆದವರಿಗೆ ಅಧ್ಯಾಪನ, ಸಮೀಕ್ಷೆ, ಆರೋಗ್ಯ ಸಂಶೋಧನೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಅವಕಾಶಗಳಿವೆ. ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ. ಹತ್ತನೇ ತರಗತಿಯಲ್ಲಿ ಕಲಿತ ಸರಾಸರಿಯಿಂದಲೇ ಅದು ಶುರುವಾಗುವುದು.

ಸಂಘದ ಸದಸ್ಯರಲ್ಲಿ ಒಂದು ವಿನಂತಿ. ವಿದ್ಯಾರ್ಥಿವೇತನ ಕೊಡುವಾಗ ಈ ವಿಷಯವನ್ನು ಆರಿಸಿದವರನ್ನೂ ಗಮನಿಸಬೇಕು. ನಮ್ಮ ಬಡತನ, ನಮ್ಮ ಓದು, ನಮ್ಮ ಹೆಣ್ಣುಮಕ್ಕಳ ಸ್ಥಿತಿ ಇವುಗಳ ಬಗ್ಗೆ ಸಮಿತಿಗಳು ವರದಿ ಬರೆದಿವೆ, ಮುಂದೆಯೂ ಬರೆಯುತ್ತವೆ. ಇಷ್ಟು ಕಾಲ ಹೆಚ್ಚಾಗಿ ಪ್ರಶ್ನೆಗಳಿಗೆ ಉತ್ತರ ಕೊಡುವವರ ಸಾಲಿನಲ್ಲೇ ನಾವು ನಿಂತಿದ್ದೇವೆ. ಪ್ರಶ್ನಾವಳಿಯನ್ನು ಬರೆಯುವವರ ಸಾಲಿನಲ್ಲಿಯೂ ನಮ್ಮ ಮಕ್ಕಳಿರಬೇಕು. ಅಜ್ಜಿಗೆ ತಿಳಿಯುವ ಮಾತಿನಲ್ಲಿ ಕೇಳಬಲ್ಲವರು, ನೆರೆಯವನ ಭಯವನ್ನು ಅವನ ಬಾಗಿಲಲ್ಲಿ ಕುಳಿತು ಕೇಳಬಲ್ಲವರು, ತಮಗೆ ಹಿಡಿಸದ ಉತ್ತರವನ್ನೂ ಹಾಗೆಯೇ ಬರೆದುಕೊಳ್ಳಬಲ್ಲವರು ಅವರಾಗಲಿ.